ಐದು ಪುಸ್ತಕ ತಂದೆವು, ಮನೆಯವರೆಲ್ಲ ಓದಿದ್ದು 'ಚಿರಸ್ಮರಣೆ'

ಮೊದಲೇ ಹೇಳಿಬಿಡುತ್ತೇನೆ. ಕಾಸರಗೋಡಿನ ಕಡೆಯವರು ನಮ್ಮ ಊರಿನ ಚರಿತ್ರೆಗೆ ಅಂತ ಒಂದೇ ಒಂದು ಪುಸ್ತಕ ಕೊಳ್ಳುವುದಾದರೆ ನಿರಂಜನರ 'ಚಿರಸ್ಮರಣೆ' ಕೊಳ್ಳಿ. ಕಳೆದ ಒಂದು ವರ್ಷದಲ್ಲಿ ನಾನು ಐದು ಪುಸ್ತಕ ತಂದೆ. ಎರಡು ಕಾದಂಬರಿ, ಎರಡು ಆತ್ಮಕಥೆ, ಒಂದು ಇತಿಹಾಸ. ಮನೆಯ ನಾಲ್ಕೂ ಜನ ಮೊದಲಿನಿಂದ ಕೊನೆಯವರೆಗೆ ಓದಿದ್ದು, ಇಲ್ಲವೇ ಓದಿಸಿ ಕೇಳಿದ್ದು ಇದೊಂದನ್ನೇ. ಉಳಿದ ನಾಲ್ಕು ಯಾರಿಗೆ ಹಿಡಿಸುತ್ತವೆ ಅಂತಲೂ ಬರೆಯುತ್ತೇನೆ. ಒಂದು ಪುಸ್ತಕದ ಖರೀದಿಯಲ್ಲಿ ನನಗೆ ಆದ ಕಷ್ಟವನ್ನು ಮಾತ್ರ ಸ್ವಲ್ಪ ಉದ್ದಕ್ಕೆ ಹೇಳಬೇಕು. ಹಳೆಯ ಪುಸ್ತಕ ಅಂಚೆಯಲ್ಲಿ ತರಿಸುವವರಿಗೆ ಅದು ಉಪಯೋಗಕ್ಕೆ ಬೀಳುತ್ತದೆ.

ಇದೆಲ್ಲ ಶುರುವಾದದ್ದು ಮಗಳ ಪ್ರಶ್ನೆಯಿಂದ. ನಮ್ಮ ಮನೆ ಬದಿಯಡ್ಕದ ಹತ್ತಿರ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಇಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆಯೇ, ಅದು ವಿಶೇಷ ಅಂತ ಯಾರಿಗೂ ಅನಿಸುವುದಿಲ್ಲ. ಪ್ಲಸ್ ಒನ್‌ಗೆ ಸೇರಿದ ಮೇಲೆ ಒಂದು ರಾತ್ರಿ ಮಗಳು ಕೇಳಿದಳು, "ಅಮ್ಮಾ, ನಮ್ಮ ಊರು ಕೇರಳಕ್ಕೆ ಸೇರಿದ್ದು ಯಾವಾಗ?" 1956ರ ನವೆಂಬರ್ 1ಕ್ಕೆ ಅಂದೆ. "ಅದಕ್ಕಿಂತ ಮೊದಲು?" ಮದ್ರಾಸಿನವರ ದಕ್ಷಿಣ ಕನ್ನಡ ಜಿಲ್ಲೆ ಅಂದೆ. "ಆಗ ಇಲ್ಲಿ ಜನ ಹೇಗಿದ್ದರು? ಏನೆಲ್ಲ ಆಯ್ತು?" ನನಗೆ ಗೊತ್ತಿದ್ದದ್ದು ಅಲ್ಲಿಗೆ ಮುಗಿಯಿತು. ಬೇಕಲ ಕೋಟೆ ಅಂದೆ, ಗೋವಿಂದ ಪೈಗಳ ಹೆಸರು ಹೇಳಿದೆ, ಮತ್ತೆ ಸುಮ್ಮನಾದೆ. ಅವಳು ಮಲಗಿದ ಮೇಲೆ ನನಗೆ ತುಂಬಾ ಬೇಸರವಾಯಿತು. ನಾನೂ ಇದೇ ಮಣ್ಣಿನಲ್ಲಿ ಬೆಳೆದವಳು, ಅಲ್ವಾ?

ಆ ವರ್ಷ ಅಡಕೆ ಮಾರಿದ ದುಡ್ಡಿನಲ್ಲಿ 1,500 ರೂಪಾಯಿ ಪುಸ್ತಕಕ್ಕೆ ಅಂತ ಬೇರೆ ತೆಗೆದಿಟ್ಟೆ. ನಮ್ಮ ಮನೆಗೆ ಅದು ಸಣ್ಣ ಮೊತ್ತ ಅಲ್ಲ. ಹಾಗಾಗಿ ಒಂದು ಲೆಕ್ಕ ಹಾಕಿದೆ. ನಾನು ಓದುವುದು ಬಸ್ಸಿನಲ್ಲಿ, ಬದಿಯಡ್ಕದಿಂದ ಎಡನೀರು, ಚೆರ್ಕಳ ದಾಟಿ ಕಾಸರಗೋಡಿಗೆ ಕೆಲಸಕ್ಕೆ ಹೋಗುವಾಗ. ಕೈಯಲ್ಲಿ ಹಿಡಿಯಲು ಆಗುವ ಗಾತ್ರ ಬೇಕು. ಅತ್ತೆಗೆ ಕಣ್ಣು ಮಂಜು. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ನಾನೋ ಮಗಳೋ ಓದಿ ಹೇಳಬೇಕು. ಹಾಗಾಗಿ ಗಟ್ಟಿಯಾಗಿ ಓದಿದರೆ ಕಿವಿಗೆ ಹಿತವಾಗಿ ಕೇಳಬೇಕು. ಮಗಳಿಗೆ ಕಥೆ ಬೇಕು. ನಮ್ಮವರಿಗೆ ಭಾನುವಾರ ಮಾತ್ರ ಪುರುಸೊತ್ತು. ಐದು ಪುಸ್ತಕವನ್ನೂ ನಾನು ಅಳೆದದ್ದು ಈ ಅಳತೆಯಲ್ಲಿ. ನಿಮ್ಮ ಮನೆಯ ಅಳತೆ ಬೇರೆ ಇದ್ದರೆ ನಿಮ್ಮ ಆಯ್ಕೆಯೂ ಬೇರೆ ಆಗಬಹುದು.

ಮೊದಲು ಹಳೆಯ ಇತಿಹಾಸದ್ದು ಹೇಳಿ ಮುಗಿಸುತ್ತೇನೆ. ಗಣಪತಿ ರಾವ್ ಐಗಳ್ ಅವರ 'ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ'. 1923ರ ಪುಸ್ತಕ. ಆಗ ಕಾಸರಗೋಡು ಆ ಜಿಲ್ಲೆಯ ಒಂದು ತಾಲೂಕು. ಪರಿಚಯದ ನಿವೃತ್ತ ಮಾಸ್ಟ್ರೊಬ್ಬರು ಅದರ ಸ್ಕ್ಯಾನ್ ಪ್ರತಿಯನ್ನು ಮೊಬೈಲಿಗೆ ಕಳಿಸಿಕೊಟ್ಟರು, ಖರ್ಚಿಲ್ಲ. ನೂರು ವರ್ಷದ ಹಿಂದೆ ಒಬ್ಬರು ಕೂತು ನಮ್ಮ ಜಿಲ್ಲೆಯ ಅರಸು ಮನೆತನಗಳ ವಿಷಯ ಕನ್ನಡದಲ್ಲಿ ಒಟ್ಟು ಮಾಡಿದ್ದಾರೆ ಅನ್ನುವುದಕ್ಕೇ ಕೈ ಮುಗಿಯಬೇಕು. ಆದರೆ ಇದು ಒಂದೇ ಉಸಿರಿಗೆ ಓದಿಸಿಕೊಂಡು ಹೋಗುವ ಪುಸ್ತಕ ಅಲ್ಲ. ಬೇಕಾದಾಗ ತೆರೆದು ನೋಡುವ ಪುಸ್ತಕ. ಮೊಬೈಲಿನಲ್ಲಿ ಹಳೆಯ ಅಚ್ಚು ಓದಲು ಕಷ್ಟ, ಬಸ್ಸಿನಲ್ಲಂತೂ ಆಗುವುದೇ ಇಲ್ಲ. ಇಟ್ಟುಕೊಳ್ಳಿ, ಆದರೆ ಇದರಿಂದ ಶುರು ಮಾಡಬೇಡಿ.

ಇನ್ನು ಕಷ್ಟದ ಕಥೆ.

ಗೋಪಾಲಕೃಷ್ಣ ಪೈ ಅವರ 'ಸ್ವಪ್ನ ಸಾರಸ್ವತ' ಓದಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು. ಪೋರ್ಚುಗೀಸರ ಕಾಟ ತಾಳಲಾರದೆ ಗೋವಾ ಬಿಟ್ಟು ಕರಾವಳಿಯುದ್ದಕ್ಕೆ ದಕ್ಷಿಣಕ್ಕೆ ಬಂದ ಸಾರಸ್ವತರ ಕಥೆ. 2009ರಲ್ಲಿ ಬಂತು, 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಮಂಜೇಶ್ವರದ ಅನಂತೇಶ್ವರ ದೇವಸ್ಥಾನದ ಜಾತ್ರೆಗೆ ಹೋದಾಗಲೆಲ್ಲ ಈ ಕೊಂಕಣಿ ಜನ ಇಲ್ಲಿಗೆ ಬಂದದ್ದು ಹೇಗೆ ಅಂತ ಮನಸ್ಸಿನಲ್ಲಿ ಇರುತ್ತಿತ್ತು. ದಪ್ಪ ಪುಸ್ತಕ. ಹೊಸದು ಕೊಂಡರೆ ನನ್ನ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುತ್ತದೆ ಅಂತ ಹಳೆಯ ಪ್ರತಿ ಹುಡುಕಿದೆ. ದೂರದ ಊರಿನ ಒಬ್ಬ ಮಾರಾಟಗಾರರು ಫೋಟೋ ಹಾಕಿದ್ದರು. "ಒಳ್ಳೆ ಸ್ಥಿತಿಯಲ್ಲಿದೆ, ಒಬ್ಬರೇ ಓದಿದ್ದು" ಅಂತ ಬರೆದಿದ್ದರು. ಪುಸ್ತಕಕ್ಕೆ 260, ಕೊರಿಯರಿಗೆ 90. ಒಟ್ಟು 350 ರೂಪಾಯಿ ಕಳಿಸಿದೆ.

ಬಂದ ಪುಸ್ತಕ ಹೊರಗಿನಿಂದ ಚೆನ್ನಾಗಿಯೇ ಇತ್ತು. ರಕ್ಷಾಪುಟ ಸರಿ, ಮೂಲೆ ಮಡಚಿಲ್ಲ, ಹುಳ ಹಿಡಿದಿಲ್ಲ. ನಾನು ಹಾಳೆ ತಿರುವಿ ನೋಡಿದ್ದು ಮೊದಲ ಹತ್ತು ಪುಟ, ಕೊನೆಯ ಹತ್ತು ಪುಟ. ಓದಲು ಶುರು ಮಾಡಿ ಎರಡು ವಾರ ಆದ ಮೇಲೆ, ಚೆರ್ಕಳ ದಾಟಿದ ಮೇಲೆ, ಒಂದು ಪುಟ ತಿರುವಿದೆ. ವಾಕ್ಯ ಕೂಡುವುದಿಲ್ಲ. ಎಡದ ಪುಟದಲ್ಲಿ ಒಬ್ಬರು ಮಾತಾಡುತ್ತಿದ್ದಾರೆ, ಬಲದ ಪುಟದಲ್ಲಿ ಬೇರೆ ಊರು, ಬೇರೆ ಜನ. ಪುಟದ ಸಂಖ್ಯೆ ನೋಡಿದೆ. ನಡುವೆ ಸರಿಯಾಗಿ 16 ಪುಟ ಇಲ್ಲ. ಒಂದು ಇಡೀ ಫಾರಂ, ಅಂದರೆ ಒಟ್ಟಿಗೆ ಹೊಲಿದ 16 ಪುಟದ ಕಟ್ಟು, ಹೊಲಿಗೆ ಬಿಟ್ಟು ಕಳಚಿ ಹೋಗಿದೆ. ಅದರ ಮೇಲೆ ಯಾರೋ ಬೆನ್ನಿಗೆ ಹೊಸದಾಗಿ ಗೋಂದು ಹಚ್ಚಿ ಒತ್ತಿದ್ದಾರೆ. ಹಾಗಾಗಿ ಹೊರಗಿನಿಂದ ಗೊತ್ತೇ ಆಗಲಿಲ್ಲ.

ಬೇರೆ ಕಾದಂಬರಿ ಆದರೆ 16 ಪುಟ ಹೋದರೂ ಹೇಗೋ ಮುಂದೆ ಹೋಗಬಹುದು. ಇದರಲ್ಲಿ ಆಗುವುದಿಲ್ಲ. ಇದು ತಲೆಮಾರುಗಳ ಕಥೆ. ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ, ಒಂದು ಮನೆ ನಾಲ್ಕು ಮನೆ ಆಗುತ್ತದೆ, ಒಂದು ಊರು ಬಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ. ನಡುವೆ ಒಂದು ಎಳೆ ತಪ್ಪಿತು ಅಂದರೆ ಯಾರು ಯಾರ ಮಗ ಅಂತಲೇ ಗೊತ್ತಾಗುವುದಿಲ್ಲ. ನಾನು ಎರಡು ದಿನ ಮುಂದೆ ಓದಲು ನೋಡಿದೆ. ಪ್ರತಿ ಹೆಸರಿಗೂ ಹಿಂದಕ್ಕೆ ತಿರುಗಿ ತಿರುಗಿ ಕೊನೆಗೆ ಪುಸ್ತಕ ಮುಚ್ಚಿಟ್ಟೆ.

ಮಾರಿದವರಿಗೆ ಫೋಟೋ ತೆಗೆದು ಕಳಿಸಿದೆ. ವಾಪಸ್ ಕಳಿಸಿ, ದುಡ್ಡು ಕೊಡುತ್ತೇವೆ, ಆದರೆ ಕೊರಿಯರ್ ಖರ್ಚು ನಿಮ್ಮದೇ ಅಂದರು. ಬರುವಾಗ 90, ಹೋಗುವಾಗ 90. 260 ರೂಪಾಯಿ ವಾಪಸ್ ಸಿಗಲು 180 ರೂಪಾಯಿ ಖರ್ಚು. ಅವರು ಬೇಕು ಅಂತಲೇ ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರೂ ಮಧ್ಯದ ಪುಟ ನೋಡಿರಲಿಕ್ಕಿಲ್ಲ. ಆದರೆ "ಒಳ್ಳೆ ಸ್ಥಿತಿ" ಅಂತ ಬರೆಯುವ ಮೊದಲು ನೋಡಬೇಕಿತ್ತು, ಅಲ್ವಾ?

ವಾಪಸ್ ಕಳಿಸದೆ ಇನ್ನೊಂದು ದಾರಿ ಹಿಡಿದೆ. ನಮ್ಮ ಕಡೆ ಹಳ್ಳಿಹಳ್ಳಿಗೂ ಗ್ರಂಥಾಲಯ ಉಂಟು, ಇದು ಕೇರಳದ ಒಂದು ದೊಡ್ಡ ಸುಖ. ಅವುಗಳಲ್ಲಿ ಕೆಲವಕ್ಕೆ ಕನ್ನಡ ಪುಸ್ತಕವೂ ಬರುತ್ತದೆ. ಮೂರನೆಯ ಕಡೆ ಕೇಳಿದಾಗ ಅದೇ ಕಾದಂಬರಿ ಸಿಕ್ಕಿತು. ಆದರೆ ಮುದ್ರಣ ಬೇರೆ. ಪುಟದ ಸಂಖ್ಯೆ ಹೊಂದುವುದಿಲ್ಲ. ನನ್ನ ಪ್ರತಿಯಲ್ಲಿ ಎಡದ ಪುಟದ ಕೊನೆಯ ಸಾಲು ಏನು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಆ ಸಾಲನ್ನು ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿಂದ ಶುರು ಮಾಡಿ ಬಲದ ಪುಟದ ಮೊದಲ ಸಾಲಿನವರೆಗೆ ಜೆರಾಕ್ಸ್ ಮಾಡಿಸಿದೆ. ಮನೆಯಲ್ಲಿ ಮೈದಾ ಕುದಿಸಿ ಅಂಟು ಮಾಡಿ, ಅಂಚು ಕತ್ತರಿಸಿ, ಎಳೆ ತಪ್ಪಿದ ಜಾಗದಲ್ಲಿ ಸೇರಿಸಿದೆ. ಅತ್ತೆ ಮೇಲೆ ಒರಳಿನ ಗುಂಡು ಇಟ್ಟು ಒಂದು ರಾತ್ರಿ ಒತ್ತಿದರು. ಈಗ ಪುಸ್ತಕ ಗಟ್ಟಿಯಾಗಿದೆ.

ಆಮೇಲೆ ಓದಿ ಮುಗಿಸಿದೆ. ಒಳ್ಳೆಯ ಪುಸ್ತಕ, ಅದರಲ್ಲಿ ಅನುಮಾನ ಇಲ್ಲ. ಕಾದಂಬರಿಯ ಪಾತ್ರ ನಾಗ್ಡೋ ಬೇತಾಳ ಬರುವ ಕಡೆಯೆಲ್ಲ ಮಗಳು ಹತ್ತಿರ ಬಂದು ಕೂತಳು. ಗೋವಾದಲ್ಲಿ ಪೋರ್ಚುಗೀಸರು ಇನ್‌ಕ್ವಿಸಿಶನ್, ಅಂದರೆ ಧರ್ಮದ ಹೆಸರಿನ ವಿಚಾರಣೆ, ಶಿಕ್ಷೆ, ಶುರು ಮಾಡಿದ್ದು 1560ರಲ್ಲಿ, ಅದು ಪೂರ್ತಿ ನಿಂತದ್ದು 1812ರಲ್ಲಿ. ಈ ಎರಡು ಇಸವಿಯ ನಡುವೆ ಎಷ್ಟು ಮನೆಗಳು ಬಾಗಿಲು ಹಾಕಿ ಹೊರಟಿರಬಹುದು ಅಂತ ಈ ಕಾದಂಬರಿ ಓದಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆದರೆ ದಪ್ಪ. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಇದು ಅಂದರೆ ಆಗುವ ಕೆಲಸ ಅಲ್ಲ. ಜಗಲಿಯಲ್ಲಿ ಗಟ್ಟಿಯಾಗಿ ಓದುವಾಗಲೂ ಅತ್ತೆ ಹೆಸರುಗಳಲ್ಲಿ ಸಿಕ್ಕಿಬಿದ್ದರು. "ಇವನು ಯಾರ ಮಗ, ಒಮ್ಮೆ ಹೇಳು" ಅಂತ ದಿನವೂ ಕೇಳುತ್ತಿದ್ದರು. ನಲವತ್ತು ಪುಟದ ಹೊತ್ತಿಗೆ "ನೀವೇ ಓದಿ, ಮತ್ತೆ ನನಗೆ ಕಥೆ ಹೇಳಿ" ಅಂದುಬಿಟ್ಟರು. ರಜೆಯಲ್ಲಿ ಮನೆಯಲ್ಲಿ ಕೂತು ಓದುವವರಿಗೆ ಇದು ಸರಿ. ಕೊಳ್ಳುವುದಾದರೆ ಹೊಸದನ್ನೇ ಕೊಳ್ಳಿ. ಹಳೆಯದೇ ಬೇಕು ಅಂದರೆ ಮಾರುವವರ ಹತ್ತಿರ ಮಧ್ಯದ ಪುಟಗಳ ವೀಡಿಯೋ ಕೇಳಿ, ಪುಟದ ಸಂಖ್ಯೆ ಕಾಣುವ ಹಾಗೆ ತಿರುವಿ ತೋರಿಸಲು ಹೇಳಿ. ಪ್ರತಿ 16 ಪುಟಕ್ಕೆ ಒಮ್ಮೆ ಸಂಖ್ಯೆ ನೋಡಿದರೆ ಸಾಕು.

ಎರಡು ಆತ್ಮಕಥೆಗಳನ್ನು ಮಂಗಳೂರಿನಿಂದ ತಂದೆ. ನನಗೆ ಬೇಕಾದ ಕನ್ನಡ ಪುಸ್ತಕ ನಮ್ಮ ಪೇಟೆಯಲ್ಲಿ ಸಿಗುವುದು ಕಡಿಮೆ. ಯಾವುದೋ ಮದುವೆಗೋ ಆಸ್ಪತ್ರೆಗೋ ಅಂತ ತಲಪಾಡಿ ದಾಟಿದಾಗ ಒಂದು ಗಂಟೆ ಪುಸ್ತಕದಂಗಡಿಗೆ ಅಂತ ಉಳಿಸಿಕೊಳ್ಳಬೇಕು.

ಒಂದು ಕಯ್ಯಾರ ಕಿಞ್ಞಣ್ಣ ರೈಗಳ 'ದುಡಿತವೇ ನನ್ನ ದೇವರು'. ಇದು ನಿಜವಾಗಿ ಅತ್ತೆಯ ಪುಸ್ತಕ. ಅವರು ಪೆರಡಾಲದ ಶಾಲೆಯಲ್ಲಿ ಓದಿದವರು. ಕಯ್ಯಾರರು ಅಲ್ಲಿ ಮಾಸ್ಟ್ರಾಗಿದ್ದವರು. ಪುಸ್ತಕದ ಹೆಸರು ಹೇಳಿದ ಕೂಡಲೇ ಅತ್ತೆ ನೆಟ್ಟಗೆ ಕೂತರು. ತುಳು ಮನೆಮಾತಿನ ಹುಡುಗ ಹನ್ನೆರಡನೇ ವಯಸ್ಸಿಗೆ ಕೈಬರಹದ ಕನ್ನಡ ಪತ್ರಿಕೆ ತಂದದ್ದು, ಪಾಠ, ಬೇಸಾಯ, ಪದ್ಯ, ಚಳವಳಿ ಎಲ್ಲವನ್ನೂ ಒಟ್ಟಿಗೆ ನಡೆಸಿದ್ದು, ಇದೆಲ್ಲ ಎಂಥ ಬದುಕು! 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡರು, ನೂರು ತುಂಬಿಸಿಯೇ ಹೋದರು. ಕಾಸರಗೋಡು ಕೇರಳಕ್ಕೆ ಹೋದಾಗ "ಬೆಂಕಿ ಬಿದ್ದಿದೆ ಮನೆಗೆ" ಅಂತ ಬರೆದವರು ಅವರೇ. ಆ ಸಾಲು ನಮ್ಮ ಕಡೆ ಕನ್ನಡ ಶಾಲೆಯಲ್ಲಿ ಓದಿದ ಎಲ್ಲರಿಗೂ ಬಾಯಿಗೆ ಬರುತ್ತದೆ. 1956ರ ನೋವು ಎಂಥದ್ದು ಅಂತ ತಿಳಿಯಲು ಈ ಪುಸ್ತಕ ಬೇಕೇ ಬೇಕು. ನನಗೆ ಮಾತ್ರ ಇದರಲ್ಲಿ ಹೊಸತು ಅನಿಸಿದ್ದು ಕಡಿಮೆ. ಅದು ಪುಸ್ತಕದ ತಪ್ಪಲ್ಲ. ಬದಿಯಡ್ಕದಲ್ಲಿ ಬೆಳೆದವರಿಗೆ ಕಯ್ಯಾರರ ಕಥೆ ಚಿಕ್ಕಂದಿನಿಂದ ಕೇಳಿಯೇ ಗೊತ್ತು. ಹೊರಗಿನವರಿಗೆ, ಬೆಂಗಳೂರಿನಲ್ಲಿರುವ ನಮ್ಮವರ ಮಕ್ಕಳಿಗೆ ಕೊಡಲು ಇದು ಒಳ್ಳೆಯದು.

ಇನ್ನೊಂದು ಸಾರಾ ಅಬೂಬಕ್ಕರ್ ಅವರ 'ಹೊತ್ತು ಕಂತುವ ಮುನ್ನ'. ಇದು ಮಗಳ ಪುಸ್ತಕ. ಎರಡೇ ದಿನದಲ್ಲಿ ಓದಿ ಮುಗಿಸಿದಳು. ಸಾರಾ ಅವರು 1936ರಲ್ಲಿ ಹುಟ್ಟಿದ್ದು ಇದೇ ಕಾಸರಗೋಡಿನಲ್ಲಿ. ಮನೆಯಲ್ಲಿ ಮಲಯಾಳ, ಕಲಿತದ್ದು ಕನ್ನಡ. ಮುಸ್ಲಿಂ ಹುಡುಗಿಯರು ಶಾಲೆಗೆ ಹೋಗುವುದೇ ಅಪರೂಪ ಆಗಿದ್ದ ಕಾಲ. ವಕೀಲರಾಗಿದ್ದ ತಂದೆ ಮಗಳನ್ನು ಓದಿಸಿದರು. ಬರೆಯಲು ಶುರು ಮಾಡಿದ್ದು ಮಕ್ಕಳೆಲ್ಲ ದೊಡ್ಡವರಾದ ಮೇಲೆ, ನಲವತ್ತು ದಾಟಿದ ಮೇಲೆ. 'ಚಂದ್ರಗಿರಿಯ ತೀರದಲ್ಲಿ' ಪುಸ್ತಕವಾಗಿ ಬಂದದ್ದು 1984ರಲ್ಲಿ. ನನಗೆ ಈಗ ನಲವತ್ತಮೂರು. ಆ ಭಾಗ ಓದುವಾಗ ನಾನು ಬಸ್ಸಿನಲ್ಲಿ ಸ್ವಲ್ಪ ಹೊತ್ತು ಪುಸ್ತಕ ಮಡಚಿ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಿದ್ದೆ.

ಎರಡು ಆತ್ಮಕಥೆಯಲ್ಲಿ ಒಂದೇ ಆರಿಸಬೇಕು ಅಂದರೆ ನನ್ನ ಆಯ್ಕೆ ಸಾರಾ ಅವರದ್ದು. ನಾನು ದಿನವೂ ನಡೆಯುವ ಪೇಟೆ, ದಿನವೂ ನೋಡುವ ಜನ, ಆದರೆ ನನಗೆ ಒಳಗೆ ಪ್ರವೇಶವೇ ಇಲ್ಲದ ಮನೆಗಳು. ಆ ಮನೆಗಳ ಹುಡುಗಿಯರು ಏನು ಯೋಚಿಸುತ್ತಿದ್ದರು ಅಂತ ನನಗೆ ಯಾರೂ ಹೇಳಿರಲಿಲ್ಲ. ಆದರೆ ಅತ್ತೆಯ ಹತ್ತಿರ ಕೇಳಿದರೆ ಅವರು ಕಯ್ಯಾರ ಮಾಸ್ಟ್ರನ್ನು ಬಿಟ್ಟುಕೊಡುವುದಿಲ್ಲ. ಅವರ ಮಾತಿಗೂ ಬೆಲೆ ಉಂಟು.

ಈಗ 'ಚಿರಸ್ಮರಣೆ'.

ಇದು ಕಯ್ಯೂರಿನ ಕಥೆ. ನಮ್ಮದೇ ಜಿಲ್ಲೆಯ ದಕ್ಷಿಣದ ತುದಿ, ತೇಜಸ್ವಿನಿ ಹೊಳೆಯ ದಡ. ನೀಲೇಶ್ವರ, ಚೆರುವತ್ತೂರು ಕಡೆಯಿಂದ ಹೋಗಬೇಕು. ಅಲ್ಲಿನ ರೈತರು ಜಮೀನ್ದಾರರ ವಿರುದ್ಧ ಸಂಘ ಕಟ್ಟಿದರು. 1941ರ ಮಾರ್ಚ್ ಕೊನೆಗೆ ಪೊಲೀಸರು ಊರಿಗೆ ನುಗ್ಗಿ ಹೊಡೆದರು. ಎರಡು ದಿನ ಬಿಟ್ಟು ರೈತರ ಮೆರವಣಿಗೆಯ ಎದುರು ಒಬ್ಬ ಪೊಲೀಸಿನವ ಸಿಕ್ಕಿದ. ಅವನು ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದ, ಅಲ್ಲೇ ಸತ್ತ. ಕೇಸು ನಡೆಯಿತು, ಐದು ಜನರಿಗೆ ಗಲ್ಲು ಅಂತ ತೀರ್ಪಾಯಿತು. ಒಬ್ಬನಿಗೆ ವಯಸ್ಸಾಗಿರಲಿಲ್ಲ ಅಂತ ಗಲ್ಲು ತಪ್ಪಿತು. ಉಳಿದ ನಾಲ್ವರನ್ನು, ಮಠತ್ತಿಲ್ ಅಪ್ಪು, ಕೋಯಿತಾಟ್ಟಿಲ್ ಚಿರುಕಂಡನ್, ಪೊಡೋರ ಕುಞ್ಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್, 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೆ ಹಾಕಿದರು. ನಡೆದದ್ದು ಇಷ್ಟು.

ನಿರಂಜನರು ಇದನ್ನು ಬರೆದದ್ದು ದೂರದಲ್ಲಿ ಕೂತು ಕೇಳಿ ಅಲ್ಲ. ಅವರು ಹುಡುಗನಾಗಿದ್ದಾಗ ನೀಲೇಶ್ವರದಲ್ಲೇ ಓದುತ್ತಿದ್ದರು. ಸುಬ್ರಹ್ಮಣ್ಯದ ಹತ್ತಿರದ ಕುಳಕುಂದದವರು, ಕನ್ನಡದ ಹುಡುಗ, ಮಲಯಾಳದ ಊರಿನ ಶಾಲೆಯಲ್ಲಿ. ನಮ್ಮ ಮಕ್ಕಳ ಹಾಗೆಯೇ. ಕಾದಂಬರಿಯಲ್ಲಿ ಅಪ್ಪು, ಚಿರುಕಂಡ ಅಂತ ಇಬ್ಬರು ಹುಡುಗರು. ಶಾಲೆಗೆ ಹೋಗುವ ವಯಸ್ಸಿನಿಂದ ಅವರ ಜೊತೆ ನಾವು ನಡೆಯುತ್ತೇವೆ. ಗಲ್ಲಿನ ಕಂಬ ಎಲ್ಲಿ ಬರುತ್ತದೆ ಅಂತ ಮೊದಲಿನಿಂದ ಗೊತ್ತಿದ್ದರೂ ಆ ಹುಡುಗರು ಮಾಸ್ಟ್ರ ಮಾತು ಕೇಳಿ ಕಣ್ಣರಳಿಸುವಾಗ ನಮಗೂ ಸಂತೋಷ ಆಗುತ್ತದೆ. ಆ ಸಂತೋಷವೇ ಮತ್ತೆ ಎದೆಗೆ ಚುಚ್ಚುವುದು.

ಮೇಲಿನ ನಾಲ್ಕು ಪುಸ್ತಕದ ಜೊತೆ ಇಟ್ಟು ನೋಡಿದರೆ ಇದು ಎಲ್ಲಿ ಗೆಲ್ಲುತ್ತದೆ ಅಂತ ಹೇಳುತ್ತೇನೆ. ಗಟ್ಟಿಯಾಗಿ ಓದಲು ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ವಾಕ್ಯ ನೇರ. ಮಾತುಕತೆ ಜಾಸ್ತಿ. ಅತ್ತೆ ಒಮ್ಮೆಯೂ "ಇವನು ಯಾರು" ಅಂತ ಕೇಳಲಿಲ್ಲ. ಗೇಣಿ ಅಳೆದುಕೊಡುವ ಕಷ್ಟ, ಒಡೆಯರ ಎದುರು ಕೈಕಟ್ಟಿ ನಿಲ್ಲುವುದು, ಇದೆಲ್ಲ ಅವರು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡದ್ದು. ಓದು ನಿಲ್ಲಿಸಿ ಅವರದೇ ಮನೆಯ ಕಥೆ ಹೇಳುತ್ತಿದ್ದರು. ಅವರ ಅಪ್ಪ ಮುಳಿ ಹುಲ್ಲಿನ ಮನೆಯಲ್ಲಿ ಗೇಣಿ ಭತ್ತ ಬೇರೆ ಎತ್ತಿಟ್ಟು, ಉಳಿದದ್ದರಲ್ಲಿ ಮಕ್ಕಳಿಗೆ ಗಂಜಿ ಮಾಡಿಸುತ್ತಿದ್ದದ್ದು. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಆ ಮಾತು ಕೇಳಿರಲಿಲ್ಲ. ಗೋವಾದ ಕಥೆಯೂ ಕಾಸರಗೋಡಿನ ಆತ್ಮಕಥೆಗಳೂ ಅತ್ತೆಯ ಬಾಯಿಯಿಂದ ಅದನ್ನು ತೆಗೆಯಲಿಲ್ಲ, ಇದು ತೆಗೆಯಿತು.

ನಮ್ಮವರು ಪುಸ್ತಕ ಹಿಡಿಯುವವರಲ್ಲ. ಜಗಲಿಯ ಓದು ಕಿವಿಗೆ ಬಿದ್ದು, ಮೂರನೇ ದಿನ ಟಿವಿ ಆರಿಸಿ ಬಂದು ಕೂತರು. ಭಾನುವಾರ ಉಳಿದದ್ದನ್ನು ತಾವೇ ಓದಿ ಮುಗಿಸಿದರು.

ಇನ್ನೊಂದು ವಿಷಯ. ನನ್ನ ಜೊತೆ ಕೆಲಸ ಮಾಡುವ ಒಬ್ಬ ಏಟ್ಟ (ಮಲಯಾಳದಲ್ಲಿ ಅಣ್ಣ ಅಂತ) ಚೆರುವತ್ತೂರಿನ ಕಡೆಯವರು. ಕನ್ನಡ ಓದಲು ಬರುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಮೇಜಿನ ಮೇಲೆ ಪುಸ್ತಕ ನೋಡಿ ಯಾವುದು ಅಂತ ಕೇಳಿದರು. ಹೆಸರು ಹೇಳಿದೆ. "ಚಿರಸ್ಮರಣ!" ಅಂತ ಎದ್ದೇ ನಿಂತರು. ಅವರು ಮಲಯಾಳದಲ್ಲಿ ಶಾಲೆಯ ದಿನಗಳಲ್ಲೇ ಓದಿದ್ದಾರೆ. ಅದು ಮೊದಲು ಕನ್ನಡದಲ್ಲಿ ಬಂದದ್ದು ಅಂತ ಗೊತ್ತಿತ್ತು, ಆದರೆ ಕನ್ನಡದ ಪ್ರತಿಯನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲ ಸಲ ಅಂದರು. ಹಾಳೆ ತಿರುವಿ ಅಕ್ಷರಗಳ ಮೇಲೆ ಬೆರಳಾಡಿಸಿದರು. ಎಂಟು ವರ್ಷ ಎದುರುಬದುರು ಮೇಜಿನಲ್ಲಿ ಕೂತಿದ್ದೆವು. ರಜೆ, ಸಂಬಳ, ಮಳೆ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಆ ವಾರ ದಿನವೂ ಊಟದ ಹೊತ್ತಿಗೆ ಇದೇ ಮಾತು. ನಾನು ಎಲ್ಲಿವರೆಗೆ ಓದಿದೆ ಅಂತ ಅವರು ಕೇಳುವುದು, ಮುಂದಿನದ್ದು ಹೇಳಬೇಡಿ ಅಂತ ನಾನು ತಡೆಯುವುದು.

ಅವರೇ ದಾರಿ ಹೇಳಿಕೊಟ್ಟರು. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಕಾಸರಗೋಡಿನಿಂದ ರೈಲು ಹತ್ತಿ ಚೆರುವತ್ತೂರಿನಲ್ಲಿ ಇಳಿದು ಬಸ್ಸಿನಲ್ಲಿ ಕಯ್ಯೂರಿಗೆ ಹೋದೆ. ಹೊಳೆಯ ಹತ್ತಿರವೇ ಹುತಾತ್ಮರ ಸ್ಮಾರಕ. ಅಲ್ಲಿ ಮಲಯಾಳದಲ್ಲಿ ಬರೆದಿದ್ದ ನಾಲ್ಕು ಹೆಸರನ್ನು ಮಗಳು ಗಟ್ಟಿಯಾಗಿ ಓದಿದಳು. ಆಮೇಲೆ ಹೊಳೆಯ ದಡಕ್ಕೆ ಹೋಗಿ ನಿಂತೆವು. ನಾನು ಅಂದುಕೊಂಡದ್ದಕ್ಕಿಂತ ಅಗಲ. ಈಜು ಬರುವವರಿಗೂ ಆಚೆ ದಡ ಸೇರುವುದು ಸುಲಭ ಅಲ್ಲ. ಆ ಪೊಲೀಸಿನವನ ಮನೆಯಲ್ಲಿ ಯಾರಿದ್ದರೋ ಅಂತ ಮಗಳು ಕೇಳಿದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ.

ವಾಪಸ್ ರೈಲಿನಲ್ಲಿ ಬರುವಾಗ ಅವಳು ಇನ್ನೊಂದು ಪ್ರಶ್ನೆ ಕೇಳಿದಳು. "ಅಮ್ಮಾ, ಇಲ್ಲಿಯವರಿಗೆ ಕಣ್ಣೂರು ಹತ್ತಿರ ಅಲ್ವಾ? ಕೇಸು ಮಂಗಳೂರಿನಲ್ಲಿ ಯಾಕೆ ನಡೆಯಿತು?" ಅಲ್ಲಿ ನನಗೆ ಎಲ್ಲ ಒಟ್ಟಿಗೆ ಹೊಳೆಯಿತು. ಕಯ್ಯೂರು ಆಗ ಕಾಸರಗೋಡು ತಾಲೂಕಿನಲ್ಲಿತ್ತು. ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಜಿಲ್ಲೆಯ ಸೆಷನ್ಸ್ ಕೋರ್ಟು ಮಂಗಳೂರಿನಲ್ಲಿ. ಮಲಯಾಳ ಮಾತಾಡುವ ರೈತರು ಮಂಗಳೂರಿನ ಕಟಕಟೆಯಲ್ಲಿ ನಿಂತರು. ಸುಬ್ರಹ್ಮಣ್ಯದ ಕನ್ನಡ ಹುಡುಗ ನೀಲೇಶ್ವರದಲ್ಲಿ ಓದಿದ. ಆಗ ಇವೆಲ್ಲ ಒಂದೇ ಜಿಲ್ಲೆಯ ಒಳಗೆ. ಕಾದಂಬರಿ ಅಚ್ಚಾದದ್ದು 1955ರಲ್ಲಿ. ಮರುವರ್ಷ ರಾಜ್ಯಗಳನ್ನು ಬೇರೆ ಮಾಡಿದರು. ಹತ್ತು ವರ್ಷ ಬಿಟ್ಟು ನೇಮಕವಾದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ 1967ರಲ್ಲಿ ವರದಿ ಕೊಟ್ಟಿತು, ಅದು ಜಾರಿಗೆ ಬರಲಿಲ್ಲ. ಅಷ್ಟನ್ನೂ ಮಗಳಿಗೆ ರೈಲು ಚಂದ್ರಗಿರಿ ಸೇತುವೆ ದಾಟುವುದರೊಳಗೆ ಹೇಳಿ ಮುಗಿಸಿದೆ. ಸೇತುವೆ ಬಂದಾಗ ಅವಳು ಕಿಟಕಿಗೆ ಮುಖ ಒತ್ತಿ ಹೊಳೆ ನೋಡಿದಳು.

ಐಗಳರ ಇತಿಹಾಸದಲ್ಲಿ ನನಗೆ ಅರಸರ ಹೆಸರು ಸಿಕ್ಕಿತು. ಕಯ್ಯಾರರ ಆತ್ಮಕಥೆಯಲ್ಲಿ ಗಡಿ ಬಿದ್ದ ಮೇಲಿನ ನೋವು ಸಿಕ್ಕಿತು. ಗಡಿ ಇಲ್ಲದೆ ಇದ್ದಾಗ ಇಲ್ಲಿನ ಜನ ಹೇಗೆ ಬದುಕಿದ್ದರು, ಯಾರ ಜೊತೆ ಯಾರು ನಿಂತಿದ್ದರು ಅನ್ನುವುದು ಸಿಕ್ಕಿದ್ದು ಈ ಕಾದಂಬರಿಯಲ್ಲಿ. ಮಗಳು ಮೊದಲ ದಿನ ಕೇಳಿದ್ದು ಅದನ್ನೇ.

ಇದರಲ್ಲಿ ಕೊರತೆ ಇಲ್ಲ ಅಂತ ಅಲ್ಲ. ನಿರಂಜನರು ರೈತರ ಪಕ್ಷ ಹಿಡಿದು ಬರೆದಿದ್ದಾರೆ, ಅದನ್ನು ಮುಚ್ಚಿಡುವುದೂ ಇಲ್ಲ. ಒಡೆಯರ ಮನೆಯ ಒಳಗಿನ ಮನಸ್ಸು ಇನ್ನಷ್ಟು ಕಾಣಬೇಕಿತ್ತು ಅಂತ ನನಗೆ ಅನಿಸಿತು. ಇದು ಕಾದಂಬರಿ, ಕೋರ್ಟಿನ ದಾಖಲೆ ಅಲ್ಲ ಅನ್ನುವುದನ್ನು ಮಕ್ಕಳಿಗೆ ಕೊಡುವಾಗ ಹೇಳಿಕೊಡಬೇಕು. ನಾನು ಮಗಳಿಗೆ ಮೊದಲು ನಡೆದ ಸಂಗತಿಯನ್ನು ಇಸವಿ ಸಮೇತ ಹೇಳಿ, ಆಮೇಲೆ ಪುಸ್ತಕ ಕೊಟ್ಟೆ. ಹ್ಞಾಂ, ಇಂಗ್ಲಿಷ್‌ನಲ್ಲಿ ಓದುವ ಮಕ್ಕಳಿಗೂ ದಾರಿ ಉಂಟು. ನಿರಂಜನರ ಮಗಳು ತೇಜಸ್ವಿನಿ ನಿರಂಜನ ಇದನ್ನು ಇಂಗ್ಲಿಷ್‌ಗೆ ತಂದಿದ್ದಾರೆ. ಆ ಹೊಳೆಯ ಹೆಸರೇ ಅವರದ್ದೂ.

ಹಾಗಾದರೆ ಯಾರು ಯಾವುದು ಕೊಳ್ಳಬೇಕು? ಕೈಯಲ್ಲಿ 300 ರೂಪಾಯಿಯ ಆಸುಪಾಸು ಇದ್ದರೆ 'ಚಿರಸ್ಮರಣೆ' ಒಂದೇ, ಬೇರೆ ಯೋಚನೆ ಬೇಡ. ಇನ್ನೊಂದಕ್ಕೆ ದುಡ್ಡು ಉಳಿದರೆ, ಮನೆಯಲ್ಲಿ ಓದುವ ಹೆಣ್ಣುಮಕ್ಕಳಿದ್ದರೆ 'ಹೊತ್ತು ಕಂತುವ ಮುನ್ನ'. ಕಾಸರಗೋಡು ಬಿಟ್ಟು ಹೋದ ಸಂಬಂಧಿಕರಿಗೆ ಉಡುಗೊರೆ ಕೊಡಲು 'ದುಡಿತವೇ ನನ್ನ ದೇವರು'. ಪುರುಸೊತ್ತು ಇದ್ದು, ಕೂತು ಓದಲು ಜಾಗ ಇದ್ದರೆ 'ಸ್ವಪ್ನ ಸಾರಸ್ವತ', ಓದುವಾಗ ಹತ್ತಿರ ಒಂದು ಹಾಳೆ ಇಟ್ಟುಕೊಂಡು ಯಾರು ಯಾರ ಮಗ ಅಂತ ಬರೆಯುತ್ತಾ ಹೋಗಿ. ನಾನು ಎರಡನೇ ಸಲ ಹಾಗೆ ಮಾಡಿದೆ, ತುಂಬಾ ಅನುಕೂಲ ಆಯಿತು. ಐಗಳರದ್ದು ಮೊಬೈಲಿನಲ್ಲಿ ಇರಲಿ.

ನನ್ನ 1,500ರಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಬೇಕಲ ಕೋಟೆ ಕಟ್ಟಿಸಿದ ಕೆಳದಿಯವರು ಕೊನೆಗೆ ಏನಾದರು ಅಂತ ಮಗಳು ಕೇಳಲು ಶುರು ಮಾಡಿದ್ದಾಳೆ. ಅವರ ರಾಜಧಾನಿ ಬಿದನೂರಿನ ಕೊನೆಯ ದಿನಗಳ ಬಗ್ಗೆ ಮಾಸ್ತಿಯವರ 'ಚೆನ್ನಬಸವನಾಯಕ' ಉಂಟು. ಬರುವ ತಿಂಗಳು ಮಂಗಳೂರಿನಲ್ಲಿ ಒಂದು ಮದುವೆ ಇದೆ, ಅಂದು ತರಬೇಕು. 'ಚಿರಸ್ಮರಣೆ' ಈಗ ಮನೆಯಲ್ಲಿಲ್ಲ. ಏಟ್ಟನ ಮಗಳು ಶಾಲೆಯಲ್ಲಿ ಕನ್ನಡ ಕಲಿಯುತ್ತಿದ್ದಾಳಂತೆ, ದಿನಕ್ಕೆ ಎರಡು ಪುಟದ ಹಾಗೆ ಅಪ್ಪನಿಗೆ ಓದಿ ಹೇಳುತ್ತಿದ್ದಾಳೆ. ನಿನ್ನೆಗೆ ಮೂವತ್ತನೇ ಪುಟಕ್ಕೆ ಬಂದಿದ್ದಾರೆ.